ಸರ್ಕಾರದ ದುಡ್ಡು ಬೂದಿ ಮಾಡಿದ ನಮ್ಮತ್ತೆ

ಸರ್ಕಾರದ ದುಡ್ಡನ್ನು ಬೂದಿ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ‘ಬೂದಿ ಮಾಡ್ತೀನಿ, ಸಾಲ ಕೊಡಿ’ ಎಂದು ಮೊದಲೇ ಹೇಳಿ, ಸಾಲ ತಂದು, ಹೇಳಿದ ಹಾಗೆಯೇ ಬೂದಿ ಮಾಡಿ ತೋರಿಸಿದವರು ನಮ್ಮ ಸೋದರತ್ತೆ ಒಬ್ಬರೇ! ಸಾಕ್ಷಿ ಬೇಕೆ? ನನ್ನ ಹಣೆ ನೋಡಿ. ಮೂರು ಪಟ್ಟೆ ಕಾಣುತ್ತಿದೆಯಲ್ಲ, ಅದೇ.

ಅತ್ತೆ ವಿಭೂತಿ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸುಂಕದಕಟ್ಟೆಯ ಮನೆಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತರ ದಶಕದ ಸುಂಕದಕಟ್ಟೆ ಎಂದರೆ ಹಳ್ಳಿಯೇ. ರಾಜಾಜಿನಗರದ ನಮ್ಮ ಮನೆಯಿಂದ ನಾನು ಸೈಕಲ್ ತುಳಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಾಗಡಿ ರಸ್ತೆಯ ಧೂಳು ಮೈಗೆಲ್ಲ ವಿಭೂತಿ ಧಾರಣೆ ಮಾಡಿಸಿರುತ್ತಿತ್ತು! ಸಗಣಿ ತಟ್ಟಿ ಒಣಗಿಸಿ, ಭತ್ತದ ಹೊಟ್ಟಿನಲ್ಲಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ಬಿಳಿ ಗಸಿಯನ್ನು ಗಟ್ಟಿ ಕಟ್ಟಿ ಬಿಸಿಲಿಗಿಡಬೇಕು. ಕೇಳುವುದಕ್ಕೆ ಸುಲಭ. ಆದರೆ ಅತ್ತೆ ಹಸುವಿನ ಜಾತಕ ಕೇಳದೆ ಸಗಣಿ ಮುಟ್ಟುತ್ತಿರಲಿಲ್ಲ. ಒಮ್ಮೆ ಅವರನ್ನು ಮೆಚ್ಚಿಸಲು ನಾನೇ ಒಂದು ಬಕೆಟ್ ಸಗಣಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ಬಿ.ಎ. ಪಾಸಾದವನು!

“ಎಲ್ಲೀದೋ ಇದು?”

“ನಮ್ಮ ಬೀದಿ ಹಸೂದು ಅತ್ತೆ. ಫ್ರೆಶ್ಶು!”

“ಥೂ, ತಗೊಂಡ್ಹೋಗು. ನಿಮ್ಮ ಬೀದಿ ಹಸು ತಿನ್ನೋದು ಗೋಡೆ ಮೇಲಿನ ಸಿನಿಮಾ ಪೋಸ್ಟರು. ಅದರಲ್ಲಿ ವಿಭೂತಿ ಮಾಡಿದ್ರೆ ಅಯ್ಯನೋರ ಹಣೆ ಮೇಲೆ ಕ್ಯಾಬರೆ ಶುರುವಾಗತ್ತೆ!”

ಇಂಥ ಅತ್ತೆಗೂ ಒಬ್ಬ ಶತ್ರು ಇದ್ದ. ಮಳೆರಾಯ. ಒಣಗಲು ಇಟ್ಟ ಗಟ್ಟಿಗಳ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಅಂಗಳವೆಲ್ಲ ಮಜ್ಜಿಗೆ. ಆ ವರ್ಷ ಕಾರ್ತಿಕ ಸೋಮವಾರಕ್ಕೆಂದು ಮಾಡಿಟ್ಟ ಮಾಲೆಲ್ಲ ಅಕಾಲ ಮಳೆಗೆ ಕರಗಿಹೋಯಿತು. ನಮ್ಮಪ್ಪ ಓಡಿಬಂದರು. ಅಕ್ಕನೆಂದರೆ ಪ್ರಾಣ ಅವರಿಗೆ.

“ಅಕ್ಕಾ, ಸಾಕು ಮಾಡು. ನಮ್ಮನೇಲಿ ಬಂದಿರು. ಒಂದು ತಟ್ಟೆ ಜಾಸ್ತಿ ಹಾಕಿದ್ರೆ ನಾವೇನು ಮುಳುಗಿಹೋಗ್ತೀವಾ?”

“ಮುಂದಿನ ವರ್ಷ ನೋಡೋಣ ಕಣೋ.”

“ಪ್ರತಿ ವರ್ಷ ಇದನ್ನೇ ಹೇಳ್ತೀಯ. ಬರೋ ಮಳೆಗಾಲದೊಳಗೆ ಇಲ್ಲೊಂದು ಸೂರು ಎದ್ರೆ ಸರಿ. ಇಲ್ಲಾಂದ್ರೆ ನಾನೇ ಗಾಡಿ ತಂದು ಕರ್ಕೊಂಡು ಹೋಗ್ತೀನಿ. ಈ ಮನೆಗೆ ಬೀಗ!”

ಅತ್ತೆ ಸುಮ್ಮನಾದರು. ಅತ್ತೆ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾರ ದನಿ ಕೇಳಿದರೂ ಅಣಕಿಸುವುದು ನನ್ನ ಚಟ; ಆದರೆ ಆಗ ಎಷ್ಟು ಹೆದರಿದೆನೆಂದರೆ ಅಪ್ಪನ ಕೆಮ್ಮನ್ನು ಅನುಕರಣೆ ಮಾಡುವುದನ್ನೂ ಮರೆತೆ.

ಆಗಲೇ ಪಂಚಾಯ್ತಿಯವರು ಸುದ್ದಿ ತಂದದ್ದು. ಹಳ್ಳಿಯಲ್ಲಿ ಸಣ್ಣ ಉದ್ಯೋಗ ಮಾಡುವವರಿಗೆ ಸರ್ಕಾರ ಬ್ಯಾಂಕಿನಿಂದ ಸಾಲ ಕೊಡಿಸುತ್ತದೆ. ಅದರಲ್ಲಿ ಒಂದು ಪಾಲನ್ನು ಸಬ್ಸಿಡಿ ಎಂದು ಬಿಟ್ಟೇಬಿಡುತ್ತದೆ!

“ಸಾಲದ ಜೊತೆ ಸಬ್ಬಸಿಗೆ ಕೊಡ್ತಾರಂತೆ ಕಣೋ!” ಎಂದರು ಅತ್ತೆ.

“ಸಬ್ಬಸಿಗೆ ಸೊಪ್ಪಲ್ಲ ಅತ್ತೆ, ಸಬ್ಸಿಡಿ.”

“ಎರಡೂ ಕೊಟ್ರೆ ಬೇಡ ಅನ್ನೋಕಾಗತ್ತಾ?”

ಗಟ್ಟಿ ಒಣಗಿಸಲು ಒಂದು ಶೆಡ್ಡು ಬೇಕೆಂದು ಅರ್ಜಿ ಕೊಡಲು ಕೈಗಾರಿಕೆ ಆಫೀಸಿಗೆ ನಾನೇ ಜೊತೆಗೆ ಹೋದೆ. ಅಲ್ಲಿನ ಸಾಹೇಬರದು ಮೂಗಿನಲ್ಲಿ ಬರುವ ದನಿ. ಪ್ರತಿ ಮಾತಿನ ಬಾಲಕ್ಕೂ ‘ಅಲ್ವೇನಮ್ಮಾ’. ಆಹಾ, ನನ್ನಂಥವನಿಗೆ ಇಂಥ ದನಿ ಸಿಕ್ಕರೆ ಬಾಡೂಟ ಸಿಕ್ಕಿದಂತೆ! (ಈ ಹೋಲಿಕೆ ನಮ್ಮ ಮನೆಯವರಿಗೆ ಹೇಳಬೇಡಿ.) ‘ಮನೆಗೇ ಬಂದು ವಿಚಾರಣೆ ಮಾಡ್ತೀವಿ’ ಎಂದು ಅವರು ಕಳಿಸಿದರು. ದಾರಿಯಲ್ಲೇ ಅತ್ತೆಯ ಅಪ್ಪಣೆಯಾಯಿತು.

“ಹೇಗೂ ಕೋತಿ ಚೇಷ್ಟೆ ಕಲ್ತಿದೀಯ. ನೀನು ಸಾಹೇಬ್ರಾಗು. ನಾನು ಜವಾಬು ಹೇಳಿ ಅಭ್ಯಾಸ ಮಾಡ್ಕೋತೀನಿ.”

ಅಂದಿನಿಂದ ನಾನು ಬಾಗಿಲು ತಟ್ಟಿ, ಮೂಗಿನಲ್ಲಿ ‘ಯಾರಮ್ಮಾ ಮನೇಲಿ’ ಎನ್ನುವುದು, ಅತ್ತೆ ಸೆರಗು ಸರಿಮಾಡಿಕೊಂಡು ಉತ್ತರಿಸುವುದು, ನನ್ನ ಸಾಹೇಬಗಿರಿ ಅತಿಯಾದರೆ ಪೊರಕೆ ಬೀಸುವುದು, ಹೀಗೆ ತಾಲೀಮು ನಡೆಯಿತು. ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂಬುದಕ್ಕೆ ಮುಂದಿನ ಅನಾಹುತವೇ ಸರ್ಟಿಫಿಕೇಟು.

ಒಂದು ಬೆಳಿಗ್ಗೆ ಅತ್ತೆ ಮೊಣಕೈವರೆಗೂ ಬೂದಿ ಕದಡುತ್ತ ಕೂತಿದ್ದರು. ಬಾಗಿಲು ಸದ್ದಾಯಿತು.

“ಯಾರಮ್ಮಾ ಮನೇಲಿ? ಎನ್‌ಕ್ವೈರಿಗೆ ಬಂದಿದೀವಿ, ಅಲ್ವೇನಮ್ಮಾ?”

ಅತ್ತೆ ತಲೆಯೆತ್ತದೆ ಕೂಗಿದರು. “ಲೋ ಕೋತಿ! ಇವತ್ತು ಮೂಗು ಸರಿಯಾಗಿ ಕಟ್ಟಿಲ್ಲ ಕಣೋ, ಇನ್ನೂ ಸ್ವಲ್ಪ ಎಳಿ!”

ಕೋತಿ ಅವರ ಹಿಂದೆಯೇ ಕೊಡ ಹಿಡಿದುಕೊಂಡು ನಿಂತಿತ್ತು. ಅತ್ತೆ ತಿರುಗಿ ನನ್ನನ್ನು ನೋಡಿದರು. ಬಾಗಿಲನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಶಿವಾ!

ಸಾಹೇಬರು ಮುಖ ಗಂಟಿಕ್ಕಿಕೊಂಡೇ ಒಳಗೆ ಬಂದರು.

“ಏನಮ್ಮಾ ಉದ್ಯೋಗ?”

“ವಿಭೂತಿ ಮಾಡೋದು ಸ್ವಾಮಿ.”

“ಕಚ್ಚಾ ಮಾಲು?”

“ಸಗಣಿ.”

“ತಯಾರಾದ ಮಾಲು?”

“ಬೂದಿ.”

“ವೇಸ್ಟು?”

“ಅದೂ ಬೂದೀನೇ. ಪಾತ್ರೆ ತಿಕ್ಕೋಕೆ ಅಕ್ಕಪಕ್ಕದೋರು ತಗೊಂಡ್ಹೋಗ್ತಾರೆ.”

“ಅಕಸ್ಮಾತ್ ಬೆಂಕಿ ಬಿದ್ರೆ?”

“ಬೀಳಲೇಬೇಕಲ್ಲ ಸ್ವಾಮಿ! ಬೀಳದೇ ಇದ್ರೆ ವ್ಯಾಪಾರ ಎಲ್ಲಿ?”

“ಅಂದ್ರೆ ಸರ್ಕಾರದ ದುಡ್ಡು ಬೂದಿಯಾಗತ್ತೆ, ಅಲ್ವೇನಮ್ಮಾ?”

“ಹೂಂ ಸ್ವಾಮಿ. ಫಸ್ಟ್ ಕ್ಲಾಸ್ ಬೂದಿ!”

ನಾನು ಕೊಡದೊಳಗೆ ಮುಖವಿಟ್ಟು ನಕ್ಕೆ. ಸಾಹೇಬರು ನಗಲಿಲ್ಲ. ಅಂಗಳ ನೋಡಿದರು, ಆಕಾಶ ನೋಡಿದರು. “ಅಲ್ಲಮ್ಮಾ, ತಮ್ಮ ಇದಾರೆ ಅಂತ ಅರ್ಜೀಲಿ ಬರೆಸಿದೀರ. ಈ ವಯಸ್ನಲ್ಲಿ ಅವರ ಮನೇಲಿ ಆರಾಮಾಗಿ ಇರಬಾರದಾ?”

ಇದು ನಮ್ಮ ತಾಲೀಮಿನಲ್ಲಿ ಇಲ್ಲದ ಪ್ರಶ್ನೆ.

“ಬಂಗಾರದಂಥ ತಮ್ಮ ಸ್ವಾಮಿ,” ಎಂದರು ಅತ್ತೆ. “ಅವನು ಬಂಗಾರವಾಗೇ ಇರ್ಲಿ ಅಂತಾನೇ ಶೆಡ್ಡು ಕೇಳ್ತಿರೋದು.”

ಸಾಹೇಬರು ಈ ಸಲ ‘ಅಲ್ವೇನಮ್ಮಾ’ ಹಾಕದೆ ಅರ್ಜಿಯ ಮೇಲೆ ಏನೋ ಬರೆದುಕೊಂಡರು. ಹೊರಟಾಗ ಅತ್ತೆ ಒಂದು ವಿಭೂತಿ ಗಟ್ಟಿ ಅವರ ಕೈಗಿಟ್ಟರು. “ಲಂಚ ಅಲ್ಲ, ಸ್ಯಾಂಪಲ್ಲು!”

ಸಾಲ ಬಂತು. ಸಬ್ಬಸಿಗೆಯೂ ಬಂತು! ಮಳೆಗಾಲಕ್ಕೆ ಮೊದಲೇ ಹಿತ್ತಿಲಿನಲ್ಲಿ ಶೀಟಿನ ಶೆಡ್ಡು ಎದ್ದಿತು. ಮೊದಲ ಮಳೆಗೆ ಶೀಟಿನ ಮೇಲೆ ಕಿವಿ ಕಿತ್ತುಹೋಗುವ ಗಲಾಟೆ. ಅತ್ತೆ ಒಣಗುತ್ತಿದ್ದ ಗಟ್ಟಿಗಳ ನಡುವೆ ಕಾಲು ಚಾಚಿ ಕೂತು, “ಬಡ್ಕೊಳ್ಳಲಿ ಬಿಡು, ಹೊರಗೆ ತಾನೇ?” ಎಂದರು.

ಶ್ರಾವಣದಲ್ಲಿ ಅತ್ತೆ ಬ್ಯಾಗ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಸಂಜೆಯಾಯಿತು, ಕೊನೇ ಬಸ್ಸಿನ ಹೊತ್ತೂ ಮೀರಿತು, ಏಳಲಿಲ್ಲ. ಆಗ ಹೊಳೆಯಿತು ನನಗೆ: ಇಷ್ಟು ವರ್ಷಗಳಲ್ಲಿ ಅತ್ತೆ ನಮ್ಮಲ್ಲಿ ಒಂದು ರಾತ್ರಿಯೂ ಉಳಿದದ್ದಿಲ್ಲ. ಈಗ ನೋಡಿದರೆ ವಾರವಿಡೀ ಉಂಡರು, ಮಧ್ಯಾಹ್ನ ನಿದ್ದೆ ಮಾಡಿದರು, ಅಮ್ಮನ ಸಾರಿಗೆ ಉಪ್ಪು ಕಡಿಮೆ ಎಂದರು.

“ಏನತ್ತೆ, ಇಷ್ಟು ದಿನ ನಮ್ಮನೇಲಿ ತಿಗಣೆ ಇತ್ತಾ?” ಎಂದು ಛೇಡಿಸಿದೆ.

“ಆಗ ಉಳ್ಕೊಂಡಿದ್ರೆ ಉಳ್ಕೊಂಡೇಬಿಡ್ತಿದ್ದೆ ಕಣೋ,” ಎಂದರು. “ಈಗ ನಾನು ನೆಂಟಳು.”

ಹೊರಟ ದಿನ ಅಮ್ಮ ಕುಂಕುಮದ ಬದಲು ಹಣ್ಣು ಕೊಟ್ಟು, “ಇನ್ನೆರಡು ದಿನ ಇದ್ದು ಹೋಗಿ ಅತ್ತಿಗೆ,” ಎಂದರು. ಮನೆಯಲ್ಲೇ ಇರುವವರಿಗೆ ಯಾರೂ ಹೇಳದ ಮಾತದು. ಅತ್ತೆ ಹೊಸ್ತಿಲ ಮೇಲೆ ನಿಂತುಬಿಟ್ಟರು.

“ಇರೋಕಾಗತ್ತೇನಮ್ಮಾ? ಅಲ್ಲಿ ಕೆಲಸ ಬಿದ್ದಿದೆ.”

ಗೇಟಿನ ಬಳಿ ಪಕ್ಕದ ಮನೆಯವರು ‘ಹೊರಟೇಬಿಟ್ರಾ?’ ಎಂದಾಗಲೂ ಅದನ್ನೇ ಹೇಳಿದರು. ಬಿಟ್ಟುಬರಲು ನಾನೂ ಬಸ್ಸು ಹತ್ತಿದೆ. ಕಂಡಕ್ಟರ್ ಪಾಪ, ಎಲ್ಲಿಗೆ ಎಂದಷ್ಟೇ ಕೇಳಿದ.

“ಸುಂಕದಕಟ್ಟೆ,” ಎಂದರು ಅತ್ತೆ. “ಕೆಲಸ ಬಿದ್ದಿದೆಯಪ್ಪಾ.”