ಬೇಗೂರಲ್ಲಿ ಮಾತ್ರ ಬರುವ ಹೊಗೆ

ಗಾಡಿ ನಿಂತುಹೋದರೆ ಜನ ಮೆಕ್ಯಾನಿಕ್‌ಗೆ ಫೋನ್ ಮಾಡ್ತಾರೆ. ಗಾಡಿ ಹೊಗೆ ಬಿಟ್ಟರೆ ಮಾತ್ರ ಬೀದಿಗೆ ಬೀದಿನೇ ಡಾಕ್ಟರ್ ಆಗಿಬಿಡತ್ತೆ. ಬೊಮ್ಮನಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಾಗಿಂದ ಇದನ್ನ ನೋಡಿ ನೋಡಿ, ಬೈದು ಬೈದು ನನಗೆ ಸಾಕಾಗಿದೆ. ಆದರೆ ಬೇಗೂರಿನ ಒಂದು ಹಳೇ ಅಂಬಾಸಿಡರ್ ಇತ್ತಲ್ಲ, ಅದರ ಹೊಗೆ ಆ ಡಾಕ್ಟರುಗಳ ಜೊತೆ ನನ್ನ ತಲೆಯನ್ನೂ ಕೆಡಿಸಿಬಿಡ್ತು.

೧. ಮೊದಲು ಬಂದಿದ್ದು ಹೊಗೆಯಲ್ಲ

ಬೇಗೂರಿನ ಯಜಮಾನ್ರು ಹೊಲ ಇದ್ದ ಕಡೆಯೆಲ್ಲ ಬಾಡಿಗೆ ಮನೆ ಕಟ್ಟಿಸಿದವರು. ಅವರಪ್ಪ ಕೊಂಡಿದ್ದ ಅಂಬಾಸಿಡರ್ ಮಾತ್ರ ಎಷ್ಟೋ ವರ್ಷದಿಂದ ದನದ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಅವರ ಹೆಂಡತಿಯನ್ನ ನಾನು ಅಕ್ಕ ಅಂತೀನಿ. ಆಯಮ್ಮ ಒಂದಿನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರಂತೆ: "ಆಯುಧ ಪೂಜೆ ಒಳಗೆ ಇದು ಒಗೆ ಟೆಸ್ಟು ಪಾಸಾಗಿ ರೋಡಿಗೆ ಬಂದ್ರೆ ಸರಿ. ಇಲ್ಲಾಂದ್ರೆ ಗುಜರಿಗೆ ಆಕಿ, ಕೊಟ್ಟಿಗೆ ಕೆಡವಿ ಎರಡು ರೂಮು ಕಟ್ಸಿ."

"ನಮ್ಮಪ್ಪನ ಗಾಡಿ ಕಣಪ್ಪಾ, ಉಳಿಸ್ಕೊಡು" ಅಂತ ಯಜಮಾನ್ರು ನನ್ನ ಹತ್ರ ಬಂದರು. ನನಗೂ ಅಯ್ಯೋ ಪಾಪ ಅನ್ನಿಸ್ತು.

ಅವರ ಕೊಟ್ಟಿಗೆಗೇ ಹೋಗಿ ಆಯಿಲ್ ಬದಲಾಯಿಸಿ, ಹೊಸ ಬ್ಯಾಟರಿ ಹಾಕಿ, ಸ್ಟಾರ್ಟ್ ಮಾಡ್ದೆ. ಎರಡು ಸಲ ಕೆಮ್ಮಿತು. ಮೂರನೇ ಸಲ ಢಂ ಅಂತು ನೋಡಿ, ಸೈಲೆನ್ಸರ್‌ನಿಂದ ಹೊಗೆ ಬರಲಿಲ್ಲ. ಮಸಿ ಹತ್ತಿದ ಅವರೆಕಾಳು ಚಿಲ್ಲನೆ ಸಿಡಿದು ಯಜಮಾನ್ರ ಬಿಳೀ ಪಂಚೆಗೆಲ್ಲ ಬಡೀತು. ಇಲಿಗಳು ಆ ಪೈಪನ್ನೇ ಉಗ್ರಾಣ ಮಾಡಿಕೊಂಡಿದ್ದವು!

ಹಿಂದಿನ ರೂಮಲ್ಲಿ ಬಾಡಿಗೆಗಿದ್ದ ರಾಯಚೂರಿನ ಗಾರೆ ಕೆಲಸದವನು ಅಲ್ಲೇ ನಿಂತಿದ್ದ. ಬಗ್ಗಿ ಒಂದು ಕಾಳು ಎತ್ತಿಕೊಂಡು ಹೇಳಿದ: "ಮಾಳಿಗಿ ಮ್ಯಾಲೆ ಒಣಗಿಸಿದ್ದ ಅವರಿಕಾಳು ಕಳದೈತಿ ಅಂತ ಹೋದ ವರ್ಷ ನನ್ನ ರೂಮ್ ಎಲ್ಲಾ ಜಾಲಾಡಿದ್ರಲ್ರೀ ಸಾವ್ಕಾರ್ರ? ಗಾಡಿ ಚಾಲೂ ಮಾಡಿದ್ರ ಆವತ್ತ ಸಿಗ್ತಿತ್ತು."

೨. ಸಿಹಿ ವಾಸನೆ

ಹೊಗೆ ನೋಡೋದು ಕಷ್ಟದ ವಿದ್ಯೆ ಏನಲ್ಲ. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ ಕುಡೀತಿದೆ. ನೀಲಿ ಇದ್ದರೆ ಎಂಜಿನ್ ಆಯಿಲ್ ಸುಡ್ತಿದೆ. ಬಿಳಿ ಇದ್ದರೆ ಒಳಗೆ ನೀರಿದೆ. ಬಹಳ ದಿನ ನಿಂತ ಗಾಡಿಯ ಪೈಪಲ್ಲಿ ತೇವ ಕೂತಿರತ್ತೆ, ಕಾದ ಮೇಲೆ ತಾನಾಗೇ ಹೋಗತ್ತೆ.

ಅವತ್ತು ಕಾಳು ಖಾಲಿಯಾದ ಮೇಲೆ ಬಂದಿದ್ದು ಬಿಳಿ ಹೊಗೆ. ಕಾಯೋಣ ಅಂತ ಬೀಡಿ ಹಚ್ಚಿದೆ. ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಸಾಫ್ಟ್‌ವೇರ್ ಹುಡುಗ ಮೊಬೈಲ್ ಹಿಡ್ಕೊಂಡು ಇಳಿದು ಬಂದ. "ಅಣ್ಣಾ, ಬಿಳಿ ಹೊಗೆ ಸಿಹಿ ವಾಸನೆ ಬಂದ್ರೆ ಎಂಜಿನ್ ತಣ್ಣಗಿಡೋ ಕೂಲಂಟ್ ಒಳಗೆ ಸೋರ್ತಿದೆ ಅಂತ, ಹೆಡ್ ಬಿಚ್ಚಬೇಕಂತೆ!" ಅಂದವನೇ ಸೈಲೆನ್ಸರ್ ಹಿಂದೆ ಮಂಡಿ ಊರಿ ಕೂತು, ಕಣ್ಣು ಮುಚ್ಚಿ ಮೂಸಿದ.

"ಬರ್ತಿದೆ ಅಣ್ಣಾ! ಬೆಲ್ಲದ ವಾಸನೆ! ಪಕ್ಕಾ ಹೆಡ್ ಹೋಗಿದೆ!"

ಯಜಮಾನ್ರ ಮುಖ ಬಾಡಿಹೋಯ್ತು. ನನಗೂ ಬರ್ತಿತ್ತು ಕಣ್ರೀ ವಾಸನೆ. ಎಂಜಿನ್ ಆಫ್ ಮಾಡಿದೆ, ಆದ್ರೂ ಬರ್ತಿತ್ತು. ಇದ್ಯಾವ ಮಾಯೆ ಅಂತ ತಿರುಗಿ ನೋಡಿದರೆ ಅಡುಗೆಮನೆ ಕಿಟಕಿಯಲ್ಲಿ ಅಕ್ಕ ಕಜ್ಜಾಯ ಕರೀತಿದ್ದಾರೆ.

ಹುಡುಗ ಒಪ್ಪಲೇ ಇಲ್ಲ. ಎರಡು ಕಜ್ಜಾಯ ತಿಂದ ಮೇಲೆ, "ಇನ್ನೊಂದ್ಸಲ ಚೆಕ್ ಮಾಡೋಣ" ಅಂತ ಮತ್ತೆರಡು ಕೇಳಿದ.

೩. ನಮ್ಮ ಸಂದಿಗೂ ಬನ್ನಿ

ಬಿಳಿ ಹೋಯ್ತು, ನೀಲಿ ಶುರುವಾಯ್ತು. ಪಿಸ್ಟನ್ನಿನ ರಿಂಗುಗಳು ನಿಂತಲ್ಲೇ ಅಂಟಿಕೊಂಡಿವೆ ಅಂತ ಲೆಕ್ಕ ಹಾಕಿ ಗಾಡಿಯನ್ನ ಗ್ಯಾರೇಜಿಗೆ ಓಡಿಸಿಕೊಂಡು ಹೊರಟೆ. ಪಕ್ಕದಲ್ಲಿ ಯಜಮಾನ್ರು. ಹಿಂದೆ ನೋಡಿದರೆ ಬೀದಿನೇ ಕಾಣ್ತಿಲ್ಲ.

ಬೇಗೂರು ಕೆರೆ ಕಡೆ ಸೊಳ್ಳೆ ಕಾಟ ಕೇಳಬೇಕಾ? ನಾವು ಹೋದಲ್ಲೆಲ್ಲ ಮನೆ ಬಾಗಿಲು ಪಟಪಟ ತೆರೀತಿವೆ. ಹುಡುಗರು ಹೋ ಅಂತ ಹೊಗೆ ಒಳಗೆ ನುಗ್ಗಿ ಓಡಿ ಬರ್ತಿದ್ದಾರೆ. ಒಬ್ಬಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಂತೇಬಿಟ್ಟಳು. "ಸಾರ್, ಬರೀ ಮೇನ್ ರೋಡಲ್ಲಿ ಬಿಟ್ಟು ಹೋಗ್ತೀರಾ. ನಮ್ಮ ಸಂದಿಗೂ ಬನ್ನಿ!"

"ಇದು ಸೊಳ್ಳೆಗೆ ಹೊಗೆ ಬಿಡೋ ಗಾಡಿ ಅಲ್ಲಮ್ಮ, ನಮ್ಮಪ್ಪನ ಕಾರು" ಅಂದರು ಯಜಮಾನ್ರು, ನಾಚಿಕೆಯಿಂದ ಕುಗ್ಗಿಹೋಗಿ.

"ಯಾರಪ್ಪಂದಾದ್ರೂ ಆಗ್ಲಿ ಸಾರ್, ಹೊಗೆ ಚೆನ್ನಾಗಿದೆ!"

೪. ಹರಳೆಣ್ಣೆ

ಗ್ಯಾರೇಜಲ್ಲಿ ರಿಂಗು ಬಿಡಿಸಿದೆ. ಹೊಗೆ ಮಾಯ. ಖುಷಿಯಿಂದ ಬೇಗೂರಿಗೆ ಬಿಟ್ಟು ಬಂದೆ. ಮಾರನೇ ಬೆಳಗ್ಗೆ ಯಜಮಾನ್ರ ಫೋನು: "ಮೇಸ್ತ್ರಿ, ಮತ್ತೆ ಹೊಗೆ!" ತಗೊಂಡು ಬನ್ನಿ ಅಂದೆ. ಬೊಮ್ಮನಹಳ್ಳಿ ಮುಟ್ಟೋ ಹೊತ್ತಿಗೆ ಒಂದೆಳೆ ಹೊಗೆಯೂ ಇಲ್ಲ. ನನ್ನ ಹತ್ರ ಇಟ್ಕೊಂಡು ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿ ನೋಡ್ದೆ. ಏನೂ ಇಲ್ಲ. ವಾಪಸ್ ಕಳಿಸ್ದೆ. ಮತ್ತೆ ಫೋನು, ಮತ್ತೆ ಹೊಗೆ!

ಇದೆಂಥ ರೋಗ ಮಾರಾಯ್ರೇ, ಬೇಗೂರಲ್ಲಿ ಮಾತ್ರ ಬರೋದು? ನನಗೆ ನಿದ್ದೆ ಹತ್ತಲಿಲ್ಲ. ಆಯುಧ ಪೂಜೆಗೆ ಇನ್ನು ಮೂರೇ ದಿನ. ಗುಜರಿಯವನು ಬಂದು ಗಾಡಿ ನೋಡಿಕೊಂಡೂ ಹೋಗಿದ್ದನಂತೆ.

ಬೆಳಗ್ಗೆ ಎದ್ದವನೇ ಬೇಗೂರಿಗೆ ಹೋದೆ. ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಸೈಲೆನ್ಸರ್ ಒಳಗೆ ಬೆರಳು ಹಾಕಿದೆ. ಅಂಟಂಟು. ಮೂಸಿ ನೋಡಿದರೆ ಹರಳೆಣ್ಣೆ! ಪೈಪ್ ಕಾದಾಗ ಎಣ್ಣೆ ಸುಟ್ಟು ಹೊಗೆ, ಬೊಮ್ಮನಹಳ್ಳಿ ಬರೋಷ್ಟರಲ್ಲಿ ಎಣ್ಣೆ ಖಾಲಿ.

ನನಗೆ ಪಿತ್ತ ನೆತ್ತಿಗೇರಿತು. ರೂಮು ಕಟ್ಟಿಸೋಕೆ ಈ ಆಟ ಅಂದುಕೊಂಡು ಅಕ್ಕನ ಮುಂದೆ ಹೋಗಿ ನಿಂತೆ. "ಅಕ್ಕಾ, ಗಾಡಿ ಗುಜರಿಗೆ ಹೋಗ್ಲಿ ಅಂತ ಎಣ್ಣೆ ಸುರಿದಿದ್ದು ನೀವೇ ತಾನೆ?"

"ಗುಜರಿಗಾ?" ಅಕ್ಕನ ಕಣ್ಣು ತುಂಬಿಬಿಡ್ತು. "ಮದುವೆ ಆಗಿ ಈ ಮನೆಗೆ ಬಂದಿದ್ದೇ ಅದ್ರಲ್ಲಿ ಕಣಪ್ಪಾ. ಇವ್ರು ಅಷ್ಟು ವರ್ಷ ಅದರ ಕಡೆ ತಿರುಗಿ ನೋಡ್ಲಿಲ್ಲ. ಎದರಿಸ್ದೇ ಇದ್ರೆ ರಿಪೇರಿ ಮಾಡಿಸ್ತಿದ್ರಾ? ಗುಜರಿಯವನನ್ನ ಕರೆಸಿದ್ದೂ ಎದರಿಸೋಕೇ."

ಬಾಗಿಲಲ್ಲಿ ನಿಂತಿದ್ದ ಯಜಮಾನ್ರು ಹೆಗಲ ಮೇಲಿನ ಟವೆಲ್ ತೆಗೆದು ಅಕ್ಕನ ಕೈಗೆ ಕೊಟ್ಟರು.

"ಮತ್ತೆ ಎಣ್ಣೆ ಯಾಕಕ್ಕಾ?"

"ಅಷ್ಟೊಂದು ಒಗೆ ಬಿಡ್ತಿತ್ತಲ್ಲ, ಒಟ್ಟೆ ಕೆಟ್ಟಿದೆ ಅನ್ಕೊಂಡೆ. ನಮ್ಮ ಮಕ್ಕಳಿಗೆ ಒಟ್ಟೆ ಕೆಟ್ರೆ ಅರಳೆಣ್ಣೆ ಕುಡಿಸ್ತಿರ್ಲಿಲ್ವಾ? ನಿನ್ನ ಔಷಧಿ ಜೊತೆ ನಂದೂ ಇರ್ಲಿ ಅಂತ, ಮನೆಗೆ ಬಂದಾಗೆಲ್ಲ ಒಂದು ಲೋಟ ಅದರ ಬಾಯಿಗೆ ಉಯ್ತಿದ್ದೆ."

ನಗು ತಡೆಯೋಕಾಗದೆ ತಲೆ ಕೆರ್ಕೊಂಡು ಹೇಳಿದೆ. "ಅಕ್ಕಾ, ಅದು ಬಾಯಲ್ಲ."

ಅಕ್ಕ ಗಾಡಿ ನೋಡಿದರು. ನನ್ನ ನೋಡಿದರು. "ಅಯ್ಯೋ ಶಿವನೇ!" ಅಂತ ಸೆರಗಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದರು.

ಎಣ್ಣೆ ನಿಂತಿತು, ಹೊಗೆಯೂ ನಿಂತಿತು, ಗಾಡಿ ಮಾರನೇ ದಿನವೇ ಟೆಸ್ಟು ಪಾಸಾಯ್ತು. ಆಯುಧ ಪೂಜೆ ದಿನ ಅಂಬಾಸಿಡರ್‌ಗೆ ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿದ್ದರು. ಬೀದಿಯವರೆಲ್ಲ ಸೇರಿದ್ದರು. ಅಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾನೆಟ್ ಮುಂದೆ ಬಂದವರು, ಕುಂಕುಮದ ಬೆರಳನ್ನ ಹಾಗೇ ತಡೆದು ನನ್ನನ್ನ ಹತ್ತಿರ ಕರೆದು ಮೆಲ್ಲಗೆ ಕೇಳಿದರು:

"ಮೇಸ್ತ್ರಿ, ಇದು ಮುಂದ್ಗಡೆನೇ ತಾನೆ?"