ಹೊಲಿದವನೇ ಮೊದಲು ಹತ್ತಬೇಕು

ನಮ್ಮ ಸೋದರಮಾವನಿಗೆ ಈಗ ಎಪ್ಪತ್ತೆಂಟು ವರ್ಷ. ಇಷ್ಟು ವರ್ಷಗಳಲ್ಲಿ ಅವರು ಭೂಮಿಯ ಮೇಲೆ ಇಲ್ಲದೆ ಇದ್ದದ್ದು ಬರೀ ಹನ್ನೊಂದು ನಿಮಿಷ. ಆದರೆ ಅವರನ್ನೇ ಕೇಳಿ ನೋಡಿ, ಬದುಕಿದ್ದು ಆ ಹನ್ನೊಂದು ನಿಮಿಷ ಮಾತ್ರ, ಮಿಕ್ಕಿದ್ದೆಲ್ಲ ಸುಮ್ಮನೆ ಕಾಲಕ್ಷೇಪ ಅಂದುಬಿಟ್ಟಾರು! ಆ ಹನ್ನೊಂದು ನಿಮಿಷದ ಹಾರಾಟವನ್ನು ವಿವರಿಸಲು ಅವರಿಗೆ ಕನಿಷ್ಠ ಎರಡು ಗಂಟೆ ಬೇಕಾಗುತ್ತಿತ್ತು. ನಡುವೆ ಯಾರಾದರೂ ಬಂದರೆ ವಿಮಾನ ಮೇಲೆಯೇ ನಿಂತಿರುತ್ತಿತ್ತು. ಬಂದವರನ್ನು ಮಾತಾಡಿಸಿ ಕಳಿಸಿ, ಮೀಸೆ ಸವರಿಕೊಂಡು, "ಎಲ್ಲಿದ್ವಿ?" ಎಂದು ಕೇಳುತ್ತಿದ್ದರು.

"ಮೋಡದಾಗೆ" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಮದುವೆಯಾದಾಗಿನಿಂದ ಕೇಳಿ ಕೇಳಿ ಅವರಿಗೆ ಅದು ಬಾಯಿಪಾಠವಾಗಿತ್ತು.

ಇಷ್ಟು ಕೇಳಿ ನಮ್ಮ ಮಾವ ಪೈಲಟ್ ಆಗಿದ್ದರೇನೋ ಎಂದುಕೊಳ್ಳಬೇಡಿ. ಮಾವ ದರ್ಜಿ. ವಿಮಾನದ ದರ್ಜಿ! ನಗಬೇಡಿ, ನಾನು ಹೇಳುತ್ತಿರುವುದು ಅಪ್ಪಟ ನಿಜ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದಾಗ ಚನ್ನಪಟ್ಟಣದ ಪಕ್ಕದ ಹಳ್ಳಿಯಿಂದ ಹೋಗಿ ಅವರು ವಾಯುಪಡೆಗೆ ಸೇರಿದರು. ಆಗ ಅಲ್ಲಿ ಟೈಗರ್ ಮಾತ್ ಎಂಬ ಪುಟ್ಟ ವಿಮಾನಗಳಿದ್ದವಂತೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮುಂದೊಂದು ಹಿಂದೊಂದು ಸೀಟು, ತಲೆಯ ಮೇಲೆ ಸೂರಿಲ್ಲ. ರೆಕ್ಕೆ ಎಂದರೆ ಮರದ ಹಂದರ, ಅದರ ಮೇಲೆ ಎಳೆದು ಹೊಲಿದ ಬಟ್ಟೆ, ಅಷ್ಟೆ. ಅಧಿಕಾರಿಯೊಬ್ಬರು ಹೊಸದಾಗಿ ಬಂದ ಮಾವನನ್ನು "ನಿನಗೇನು ಕೆಲಸ ಬರುತ್ತೆ?" ಎಂದು ಕೇಳಿದರಂತೆ.

"ರಾಗಿ ಚೀಲದ ಬಾಯಿ ಹೊಲಿಯಕ್ಕೆ ಬತ್ತದೆ, ಸಾರ್."

ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದ ಕೈಗೆ ಹೀಗೆ ವಿಮಾನದ ರೆಕ್ಕೆ ಬಂತು. ನಮ್ಮ ವಂಶದಲ್ಲಿ ಇಷ್ಟು ಎತ್ತರಕ್ಕೆ ಏರಿದ ದಬ್ಬಣ ಇನ್ನೊಂದಿಲ್ಲ.

ಬಟ್ಟೆ ಹೊಲಿದಾದ ಮೇಲೆ ಅದಕ್ಕೆ ಡೋಪ್ ಎಂಬ ಬಣ್ಣದಂಥ ದ್ರವ ಬಳಿಯುತ್ತಾರಂತೆ. ಕಳಿತ ಬಾಳೆಹಣ್ಣಿನ ವಾಸನೆ ಅದಕ್ಕೆ. ಒಣಗುತ್ತ ಒಣಗುತ್ತ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. ಬೆರಳಲ್ಲಿ ತಟ್ಟಿದರೆ 'ಡಂ' ಎನ್ನಬೇಕು. 'ದಪ್' ಎಂದರೆ ಮತ್ತೆ ಬಳಿಯಬೇಕು. ವಾಯುಪಡೆ ಬಿಟ್ಟು ಊರಿಗೆ ಬಂದ ಮೇಲೂ ಮಾವ ತಟ್ಟುವುದನ್ನು ಬಿಡಲಿಲ್ಲ. ನೆಂಟರ ಛತ್ರಿ, ಮಂಚದ ನವಾರು, ಮದುವೆಮನೆಯ ಶಾಮಿಯಾನ, ಏನು ಸಿಕ್ಕರೂ ತಟ್ಟಿ ಕಿವಿಗೊಡುತ್ತಿದ್ದರು. ನನಗೆ ಮದುವೆಯಾಗಿ ಮೂರು ತಿಂಗಳಾಗಿದ್ದಾಗ ನನ್ನ ಹೊಟ್ಟೆಯನ್ನೂ ತಟ್ಟಿ, "ಡಂ ಅಂತೈತೆ ಕಣ್ಲಾ. ಎಡ್ತಿ ಚೆನ್ನಾಗಿ ಇಕ್ತಾವ್ಳೆ" ಎಂದು ಅವಳೆದುರಿಗೇ ತೀರ್ಪು ಕೊಟ್ಟರು!

ಇನ್ನು ಆ ಹನ್ನೊಂದು ನಿಮಿಷ. ಒಂದು ಸಲ ಮಾವ ಹರಿದ ರೆಕ್ಕೆಯೊಂದನ್ನು ಹೊಲಿದು ಸಿದ್ಧಮಾಡಿದ್ದರು. ಹಾರಿಸಲು ಬಂದ ಸರ್ದಾರ್ಜಿ ಪೈಲಟ್ ಹೊಲಿಗೆಯನ್ನು ನೋಡಿದರು, ಮಾವನನ್ನು ನೋಡಿದರು. "ನೀನೇ ಹೊಲಿದದ್ದೋ? ಹಾಗಾದರೆ ಮೊದಲು ನೀನೇ ಹತ್ತು" ಎಂದು ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಹಿಂದೆ ಕೂತು ಎತ್ತಿಕೊಂಡು ಹೋಗಿಯೇಬಿಟ್ಟರು. ಮೇಲೆ ಹೋದಾಗ ಗಾಳಿಗೆ ಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲವಂತೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೆಳಗಿನ ಹೊಲಗದ್ದೆ ನೋಡಲಿಲ್ಲ, ತಮ್ಮ ಹೊಲಿಗೆಯನ್ನೇ ನೋಡುತ್ತಿದ್ದರಂತೆ.

"ನನ್ನ ಹೊಲ್ಗೆ ಮ್ಯಾಲೆ ನಾನೇ ಕುಂತಿದ್ದೆ ಕಣ್ಲಾ! ಅದ್ಕಿಂತ ಇನ್ನೇನ್ ಬೇಕು ಮನ್ಸಂಗೆ?"

ಇಳಿದು ಬಂದ ಮಾವ ಒಂದು ಕಾನೂನು ಮಾಡಿಕೊಂಡರು. ಮಾಡಿದವನೇ ಮೊದಲು ಹತ್ತಬೇಕು. ವಿಮಾನಕ್ಕೆ ಮಾತ್ರವಾಗಿದ್ದರೆ ಯಾರಿಗೆ ತೊಂದರೆಯಿತ್ತು? ಅತ್ತೆ ಕಾಫಿ ಮಾಡಿದರೆ ಮೊದಲ ಗುಟುಕು ಅತ್ತೆಯೇ ಕುಡಿಯಬೇಕು. ಉಯ್ಯಾಲೆ ಹಾಕಿಕೊಟ್ಟ ಬಡಗಿ, ಎಂಬತ್ತು ಕೆಜಿ ಆಸಾಮಿ, ಬೀದಿಯ ಮಕ್ಕಳೆಲ್ಲ ನೋಡುತ್ತಿರುವಾಗ ಹತ್ತು ಸಲ ಜೀಕಿ ಇಳಿದ. ಶಾಮಿಯಾನದವರು ತಾವು ಕಟ್ಟಿದ ಚಪ್ಪರದ ಕೆಳಗೆ ಕಾಲು ಗಂಟೆ ಕೂತು ಏಳಬೇಕಾಗಿತ್ತು. ಕೆಮ್ಮಿಗೆ ಸಿರಪ್ ಬರೆದುಕೊಟ್ಟ ಡಾಕ್ಟರಿಗೂ, "ಒಸಿ ನೀವೂ ಕುಡೀರಿ ಸಾರ್" ಎಂದರು. ಪುಣ್ಯಾತ್ಮ ಡಾಕ್ಟರು ಕುಡಿದರು!

ಮಾವನ ಕಾನೂನು ಸೋತದ್ದು ಒಂದೇ ಕಡೆ. ನಮ್ಮ ಬೀದಿಯ ಮುದುಕರೊಬ್ಬರು ತೀರಿಕೊಂಡಾಗ ಚಟ್ಟ ಕಟ್ಟುತ್ತಿದ್ದವನ ಹತ್ತಿರ ಹೋಗಿ ಇವರು ಬಿದಿರನ್ನು ತಟ್ಟಿ ತಟ್ಟಿ ನೋಡತೊಡಗಿದರು. ಅವನು ಹಗ್ಗ ಕೆಳಗಿಟ್ಟು ಕೈಮುಗಿದ.

"ಸ್ವಾಮಿ, ಇದ್ಕೂ ನಾನೇ ಮೊದ್ಲು ಹತ್ಬೇಕಾ?"

ಮಾವ ಒಂದು ಗಳಿಗೆ ಯೋಚಿಸಿದರು. "ಇದೊಂದ್ ಬುಟ್ಟಿವ್ನಿ, ಹೋಗು" ಎಂದರು. ಹೆಣದ ಮುಂದೆ ಅಳುತ್ತಿದ್ದವರೂ ಸೆರಗು ಅಡ್ಡ ಹಿಡಿದು ನಕ್ಕರು.

ಈಗ ನಾನು ಹೇಳಬೇಕಾದ ಸಂಗತಿಗೆ ಬರುತ್ತೇನೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಆರು ವರ್ಷದ ಹಿಂದೆ ಬೆಂಗಳೂರಿನಾಚೆಯ ಒಂದು ಹಾರಾಟದ ಮೈದಾನದಿಂದ ಮಾವನಿಗೆ ಫೋನ್ ಬಂತು. ವಾಯುಪಡೆಯಿಂದ ನಿವೃತ್ತರಾದ ಸಾಹೇಬರೊಬ್ಬರು ಯಾವುದೋ ಶೆಡ್ಡಿನಲ್ಲಿ ಗೆದ್ದಲು ಹಿಡಿಯುತ್ತಿದ್ದ ಹಳೆಯ ಟೈಗರ್ ಮಾತ್ ಒಂದನ್ನು ತಂದು ಮತ್ತೆ ಹಾರಿಸಬೇಕೆಂದು ಹೊರಟಿದ್ದರು. ಎಂಜಿನ್ನಿಗೆ ಜನ ಸಿಕ್ಕಿದ್ದರು. ರೆಕ್ಕೆ ಹೊಲಿಯುವವರು ಮಾತ್ರ ಹುಡುಕಿದರೂ ಇಲ್ಲ. ಫೋನ್ ಇಟ್ಟ ಮಾವ ಮೊದಲು ಕೇಳಿದ್ದು, "ನನ್ ದಬ್ಬಣ ಎಲ್ಲೈತೆ?"

ಮೂರು ತಿಂಗಳು ಮಾವ ಚನ್ನಪಟ್ಟಣದಿಂದ ದಿನಾ ಬೆಳಗಿನ ರೈಲು ಹಿಡಿದರು. ಭಾನುವಾರಗಳಲ್ಲಿ ರಾಮನಗರದಲ್ಲಿ ನಾನೂ ಹತ್ತುತ್ತಿದ್ದೆ. ಮೇಷ್ಟರ ಕೆಲಸದವನಿಗೆ ಭಾನುವಾರ ಬಿಡುವು ತಾನೆ? ರೆಕ್ಕೆ ಹೊಲಿಯಲು ಇಬ್ಬರು ಬೇಕು. ಮಾವ ಈ ಕಡೆಯಿಂದ ಉದ್ದನೆಯ ಸೂಜಿ ತೂರಿಸಿದರೆ ಆ ಕಡೆ ಕೂತ ನಾನು ಅದನ್ನು ಹಿಂದಕ್ಕೆ ತಳ್ಳಬೇಕು. ಅವರು ಗಂಟು ಹಾಕಬೇಕು. ನಾನು ಒಂದು ನೂಲಿನಷ್ಟು ಆಚೆ ತಳ್ಳಿದರೂ, "ಏನ್ಲಾ, ಮಕ್ಕಳ್ಗೆ ಹಿಂಗೇನಾ ಪಾಠ ಹೇಳೋದು?" ಎಂದು ಬಟ್ಟೆಯ ಆಚೆಯಿಂದ ಬೈಗುಳ ಬರುತ್ತಿತ್ತು.

ರೈಲಿನಲ್ಲಿ ಮದ್ದೂರು ವಡೆ ಮಾರುವವನೊಬ್ಬ ಬರುತ್ತಿದ್ದ. ಅವನಿಗೂ ಕಾನೂನು ತಪ್ಪಲಿಲ್ಲ. ಮೊದಲ ದಿನ ಅವನು, "ಯಾರ್ ಯಜಮಾನ್ರೇ ನೀವು? ಮಾರೋನು ತಿಂದ್ರೆ ವ್ಯಾಪಾರ ಆದಂಗೆ!" ಎಂದು ಜಗಳ ತೆಗೆದ. ವಾರ ಕಳೆಯುವುದರೊಳಗೆ ಮಾವನನ್ನು ಕಂಡ ಕೂಡಲೇ ಒಂದು ವಡೆಯ ಅಂಚು ಮುರಿದು ತಾನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಕಾಗದದಲ್ಲಿಟ್ಟು ಕೊಡುವುದು ಅವನಿಗೆ ರೂಢಿಯಾಗಿಬಿಟ್ಟಿತು. ಬೋಗಿಯವರೆಲ್ಲ ಇದನ್ನು ನೋಡಲೆಂದೇ ಕತ್ತು ಚಾಚುತ್ತಿದ್ದರು.

ರೆಕ್ಕೆ ಸಿದ್ಧವಾಯಿತು. ಹಾರುವ ದಿನ ಗೊತ್ತಾಯಿತು. ಮೊದಲು ಹತ್ತುವವರು ಯಾರೆಂದು ಬೇರೆ ಹೇಳಬೇಕೇ? ಮಾವ ಮಂಕಿ ಟೋಪಿ ಒಗೆಸಿದರು. ವೆಲ್ಡಿಂಗ್ ಅಂಗಡಿಯಿಂದ ಕಪ್ಪು ಕನ್ನಡಕ ತಂದು ಹಾಕಿಕೊಂಡು ನೋಡಿದರು. "ಏನೂ ಕಾಣಕ್ಕಿಲ್ವಲ್ಲೇ" ಎಂದು ನಡುಮನೆಯ ಕಂಬಕ್ಕೆ ಢಿಕ್ಕಿ ಹೊಡೆದರು!

ಹಿಂದಿನ ದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. ಮಾವನ ಹೃದಯಕ್ಕೆ ಸ್ಟೆಂಟ್ ಹಾಕಿಸಿ ಒಂದು ವರ್ಷವಾಗಿತ್ತು. "ಅವರ್ನ ಹತ್ತುಸ್ಬ್ಯಾಡ ಕಣಪ್ಪಾ. ನಾನ್ ಹೇಳಿದ್ರೆ ಕೇಳಕ್ಕಿಲ್ಲ. ಹೆಂಗಾರ ಮಾಡಿ ತಪ್ಪುಸು" ಎಂದು ಅತ್ತರು.

ಮಾವನಿಗೆ ನೇರವಾಗಿ ಹೇಳಬಹುದಿತ್ತು. ಹೇಳಿದ್ದರೆ ಕೂಗಾಡುತ್ತಿದ್ದರು, ನನ್ನ ಜಾತಕ ಜಾಲಾಡುತ್ತಿದ್ದರು, ಕೊನೆಗೆ ಒಪ್ಪುತ್ತಿದ್ದರೋ ಏನೋ. ನಾನು ಬುದ್ಧಿವಂತ, ಬಿಎಡ್ ಮಾಡಿದವನು! ಸಾಹೇಬರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಪಾಪ, "ಡಾಕ್ಟರು ಬೇಡ ಅಂದಿದ್ದಾರೆ ಅಂತ ಹೇಳೋಣವಾ?" ಎಂದು ಕೇಳಿದರು. "ಬೇಡ ಸರ್, ಡಾಕ್ಟರ ಮಾತು ಅವರು ಕೇಳುವುದಿಲ್ಲ. ಮೊದಲು ರೆಕ್ಕೆ ಹೇಗೆ ನಿಲ್ಲುತ್ತೋ ನಾನೊಬ್ಬನೇ ನೋಡ್ತೀನಿ ಅಂದುಬಿಡಿ" ಎಂದೆ. ಆ ನೆಪ ಹೊಳೆದದ್ದು ನನ್ನ ತಲೆಗೆ. ಅದನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಮಾರನೆಯ ದಿನ ಮಂಕಿ ಟೋಪಿ ಹಾಕಿಕೊಂಡು ವಿಮಾನದ ಪಕ್ಕ ನಿಂತಿದ್ದ ಮಾವನಿಗೆ ಸಾಹೇಬರು ಆ ಮಾತನ್ನು ಹಾಗೆಯೇ ಹೇಳಿದರು. ಮಾವ ಟೋಪಿ ತೆಗೆದು ಮಡಿಸಿ ಜೇಬಿಗಿಟ್ಟುಕೊಂಡರು. ರೆಕ್ಕೆಯ ಹತ್ತಿರ ಹೋಗಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಟ್ಟುತ್ತ ಬಂದರು. ಡಂ, ಡಂ, ಡಂ. ಎಲ್ಲೂ ಒಂದು 'ದಪ್' ಇಲ್ಲ.

ವಿಮಾನ ಎದ್ದಿತು. ನಾವೆಲ್ಲ ಆಕಾಶ ನೋಡಿ ಚಪ್ಪಾಳೆ ತಟ್ಟುತ್ತಿದ್ದರೆ ಮಾವ ಮಾತ್ರ ಹುಲ್ಲು ನೋಡುತ್ತಿದ್ದರು. ಅದು ಕ್ಷೇಮವಾಗಿ ಇಳಿಯಿತು. ಎರಡನೆಯ ಸಲ ಸಾಹೇಬರು ಎಂಜಿನ್ ರಿಪೇರಿ ಮಾಡಿದವನನ್ನು ಕೂರಿಸಿಕೊಂಡು ಹೋದರು. ಮಾವ ಆಗ ತಲೆಯೆತ್ತಿ, "ಎಂಜಿನ್ ಮಾಡ್ದೋನು ಹತ್ತುದ" ಎಂದರು. ಅಷ್ಟೇ ಹೇಳಿದ್ದು. ನನಗೆ ಅಲ್ಲೇ ಅರ್ಥವಾಗಬೇಕಿತ್ತು. ಈ ಬಡ್ಡಿಮಗನ ಬುದ್ಧಿಗೆ ಹೊಳೆಯಲಿಲ್ಲ.

ವಾಪಸು ಬರುವ ರೈಲಿನಲ್ಲಿ ಅದೇ ವಡೆಯವನು ಬಂದ. ರೂಢಿಯಂತೆ ವಡೆಯ ಅಂಚಿಗೆ ಕೈಹಾಕಿದ. ಮಾವ ಅವನ ಕೈ ಹಿಡಿದುಕೊಂಡರು.

"ಬ್ಯಾಡ ಬುಡಪ್ಪಾ. ಹಂಗೇ ಕೊಡು."

"ಯಾಕ್ ಯಜಮಾನ್ರೇ, ಮೈ ಉಸಾರಿಲ್ವಾ?"

ಮಾವ ಕಿಟಕಿಯ ಕಡೆ ತಿರುಗಿದರು. ವಡೆಯವನು ನನ್ನ ಮುಖ ನೋಡಿದ. ನಾನು ಚಪ್ಪಲಿ ನೋಡಿಕೊಂಡೆ.

ಅಲ್ಲಿಂದ ಆರು ವರ್ಷ ನಮ್ಮ ಮನೆಯಲ್ಲಿ ಕಾನೂನಿಲ್ಲ. ಅತ್ತೆ ಕಾಫಿ ಕೊಟ್ಟರೆ ಮಾವ ಸುಮ್ಮನೆ ಕುಡಿದರು. ನನ್ನ ಮಗಳ ನಾಮಕರಣಕ್ಕೆ ಶಾಮಿಯಾನ ಹಾಕಿದವರು ತಾವಾಗಿಯೇ ಬಂದು ಕೂತು, "ಬುದ್ಧೀ, ಕುಂತಿದೀವಿ ನೋಡಿ" ಎಂದರೂ ಇವರು ತಿರುಗಿ ನೋಡಲಿಲ್ಲ. ಛತ್ರಿ ತಟ್ಟಲಿಲ್ಲ. ನನ್ನ ಹೊಟ್ಟೆ ಎರಡು ಸುತ್ತು ದಪ್ಪವಾದರೂ ಕೇಳುವವರಿಲ್ಲ. ಆ ಹನ್ನೊಂದು ನಿಮಿಷದ ಕತೆಯೂ ನಿಂತುಹೋಯಿತು. ಒಮ್ಮೆ ಅತ್ತೆಯೇ, "ಆ ಸರ್ದಾರ್ಜಿ ಕತೆ ಹೇಳಿ ಅಂದ್ರೆ" ಎಂದು ಕೇಳಿದರು. "ಎಲ್ಲಾ ಹಳೇದು, ಬುಡು" ಎಂದರು ಮಾವ. ಅತ್ತೆ ನನ್ನ ಕಡೆ ನೋಡಿದ ನೋಟ ಇನ್ನೂ ಚುಚ್ಚುತ್ತದೆ. ಪ್ರಾಣ ಉಳಿಸಿದೆವೆಂದು ಇಬ್ಬರೂ ಸಮಾಧಾನ ಮಾಡಿಕೊಂಡೆವು. ಯಾರ ಪ್ರಾಣ ಉಳಿಸಿದೆವೋ ಅವರು ಮನೆಯಲ್ಲಿ ಇರಲೇ ಇಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ನಾನು ಆರು ವರ್ಷ ತಳ್ಳಿದೆ.

ಹೋದ ತಿಂಗಳು ಸಾಹೇಬರು ಫೋನ್ ಮಾಡಿದರು. ಅವರಿಗೂ ವಯಸ್ಸಾಯಿತು, ವಿಮಾನ ಇನ್ನು ಹಾರುವುದಿಲ್ಲ. ಜನ ನೋಡಲೆಂದು ಯಾವುದೋ ಮ್ಯೂಸಿಯಮ್ಮಿನಲ್ಲಿ ತಂತಿ ಕಟ್ಟಿ ತೂಗುಹಾಕುತ್ತಾರಂತೆ. ನಾನು ಸೀದಾ ಚನ್ನಪಟ್ಟಣಕ್ಕೆ ಹೋದೆ. ಅತ್ತೆ ಮಗಳ ಮನೆಗೆಂದು ಕನಕಪುರಕ್ಕೆ ಹೋಗಿದ್ದರು. ನಾನೇ ಒಲೆ ಹಚ್ಚಿ ಕಾಫಿ ಮಾಡಿದೆ. ಲೋಟ ಮಾವನ ಮುಂದಿಟ್ಟು, ಹಿತ್ತಲಿನ ಮಾತು, ಫೋನು, ನನ್ನ ನೆಪ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಬೈಗುಳಕ್ಕೆ ಕಾದೆ. ಮಾವ ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಅಂದ್ರೆ... ಹೊಲ್ಗೆ ಸರಿಯಾಗಿತ್ತಾ?"

"ಸರಿಯಾಗಿತ್ತು ಮಾವ. ಆರು ವರ್ಷ ಹಾರಿದೆ. ಒಂದು ಗಂಟು ಬಿಚ್ಚಿಲ್ಲವಂತೆ."

"ಕಣ್ ಮುಚ್ಚುದ್ರೆ ಸಾಕು, ಆ ರೆಕ್ಕೆ ಬಿಚ್ಚಿ ಬಿಚ್ಚಿ ಹೊಲೀತಿದ್ದೆ ಕಣ್ಲಾ" ಎಂದರು. "ಎಲ್ಲಿ ಸಡ್ಲ ಬುಟ್ನೋ, ಯಾವ್ ಗಂಟು ಅಂತ. ಆರ್ ವರ್ಸ."

ನನಗೆ ಅಳು ಬಂತು. ನಾನು ಕಸಿದುಕೊಂಡದ್ದು ಒಂದು ಹಾರಾಟ ಎಂದುಕೊಂಡಿದ್ದೆ. ಅವರ ಕೈಯ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಸಿದಿದ್ದೆ. "ಬಯ್ಯಿರಿ ಮಾವ" ಎಂದೆ.

ಮಾವ ಬಯ್ಯಲಿಲ್ಲ. ಕಾಫಿ ಲೋಟ ಕೈಗೆತ್ತಿಕೊಂಡರು. ತುಟಿಯ ಹತ್ತಿರ ಹೋದ ಲೋಟ ಅಲ್ಲೇ ನಿಂತಿತು. ಆಮೇಲೆ ಕೈ ನಿಧಾನವಾಗಿ ನನ್ನ ಕಡೆ ಚಾಚಿತು.

"ಮಾಡ್ದೋನು ನೀನಲ್ವೇನ್ಲಾ? ನೀನೇ ಮೊದ್ಲು ಕುಡಿ."

ಎರಡೂ ಕೈಯಲ್ಲಿ ಇಸಕೊಂಡು ಒಂದು ಗುಟುಕು ಕುಡಿದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತೆ?"

"ಸಕ್ಕರೆ ಹಾಕೋದು ಮರೆತಿದ್ದೀನಿ, ಮಾವ" ಎಂದೆ.