ಕಾರ್ಕಳಕ್ಕೆ ಹೆಣ್ಣು ನೋಡಲು

ಶನಿವಾರ ಬೆಳಿಗ್ಗೆ ಪ್ರೊಫೆಸರ್ ಅಲೋಶಿಯಸರ ಸ್ಕೂಟರ್ ಹೆದರಿದ ಸಾಕ್ಷಿದಾರನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಹನ್ನೊಂದು ಗಂಟೆಗೆ ಅವರು ಕಾರ್ಕಳದಲ್ಲಿ ಹೆಣ್ಣು ನೋಡಬೇಕಿತ್ತು. ವಿಷಯ ಬನ್ನಂಜೆಯ ಇಡೀ ಓಣಿಗೆ ಗೊತ್ತಿದ್ದುದರಿಂದ ಅಕ್ಕಪಕ್ಕದವರೆಲ್ಲ ಗೇಟಿನ ಬಳಿ ಸೇರಿದರು.

"ಬಸ್ಸಲ್ಲಿ ಹೋಗಿ ಸರ್. ನಲವತ್ತಮೂರು ವರ್ಷಕ್ಕೆ ಇನ್ನೂ ಲೇಟ್ ಮಾಡುವುದು ಎಂತಕ್ಕೆ?" ಎಂದರು ಸಂಬಂಧ ತಂದಿದ್ದ ಪಕ್ಕದ ಮನೆಯ ಬ್ರೆಂಡಾಬಾಯಿ. "ಮತ್ತೆ, ಕಾಲೇಜಿನ ವಿಷಯ ಮಾತ್ರ ಹೇಳಿ. ಹಳೆಯದ್ದೆಲ್ಲ ಬೇಡ."

ಹಳೆಯದ್ದು ಬೇಕಾದಷ್ಟಿತ್ತು. ಕಾಪುವಿನಲ್ಲಿ ಹುಟ್ಟಿದ ಅಲೋಶಿಯಸ್ ಬಸ್ ಕಂಡಕ್ಟರಾಗಿ ದುಡಿದೇ ಕಾನೂನು ಓದಿದವರು. ಆಮೇಲೆ ಪತ್ರಿಕೆಯ ವರದಿಗಾರ, ದುಬೈಯಲ್ಲಿ ಗುಮಾಸ್ತ, ಆರು ವರ್ಷ ವಕೀಲ. ಕಡೆಗೆ ಪಾಠ ಹೇಳುವುದರಲ್ಲಿ ಸುಖ ಕಂಡರು. ಅಷ್ಟರಲ್ಲಿ ಮದುವೆಯ ವಯಸ್ಸು ಹಿಂದಿನ ಸ್ಟಾಪಿನಲ್ಲೇ ಇಳಿದುಹೋಗಿತ್ತು.

ಬಸ್ಸಿನ ಕಂಡಕ್ಟರ್ ಹಳೆಯ ಜೊತೆಗಾರ ಬೂಬ. ಹಲ್ಲುನೋವಿಗೆ ಅವನ ಎಡಗೆನ್ನೆ ಬನ್ಸಿನಂತೆ ಊದಿತ್ತು. ಮಣಿಪಾಲ ಬಂದದ್ದೇ ತಡ, ತನ್ನ ಬ್ಯಾಗನ್ನು ಪ್ರೊಫೆಸರರ ಕೊರಳಿಗೇ ಹಾಕಿಬಿಟ್ಟ.

"ಕಾರ್ಕಳದವರೆಗೆ ನೋಡಿಕೊಳ್ಳಿ ಮಾರಾಯ್ರೆ! ನಿಮಗೆ ಗೊತ್ತಿಲ್ಲದ್ದು ಎಂತ ಉಂಟು?" ಎಂದವನೇ ದವಡೆ ಹಿಡಿದು ಡಾಕ್ಟರರತ್ತ ಓಡಿದ.

ಬೇಡವೆನ್ನಲು ಪ್ರೊಫೆಸರ್ ಬಾಯಿ ತೆರೆದರು. ಹೊರಬಂದದ್ದು ಬಸ್ಸು ಬಿಡಿಸುವ ಹಳೆಯ ಕೂಗು, "ರೈಟ್, ಪೋಯಿ!"

ಹಿರಿಯಡ್ಕದಲ್ಲಿ ಇಬ್ಬರು ಹೆಂಗಸರು ಸೀಟಿಗೆ ಜಗಳ ತೆಗೆದರು. ಒಬ್ಬರು ಕಿಟಕಿಯಿಂದ ಕರ್ಚೀಫ್ ಹಾಕಿದ್ದರು, ಇನ್ನೊಬ್ಬರು ಅದರ ಮೇಲೆ ಕೂತೇಬಿಟ್ಟಿದ್ದರು.

"ನೋಡಿಯಮ್ಮ, ಕರ್ಚೀಫಿಗೆ ಸ್ವಾಧೀನದ ಹಕ್ಕಿಲ್ಲ. ಆದರೆ ಕೂತವರಿಗೆ ಸ್ವಲ್ಪ ಸರಿಯುವ ಕರ್ತವ್ಯ ಉಂಟು," ಎಂದು ಪ್ರೊಫೆಸರ್ ತೀರ್ಪಿತ್ತರು. ಇಬ್ಬರೂ ಕೂತರು. ಬೈಲೂರು ಬರುವಾಗ ಒಬ್ಬರ ಮಗಳಿಗೆ ಇನ್ನೊಬ್ಬರ ಮಗನನ್ನು ಕೇಳುವ ಮಾತೂ ನಡೆದಿತ್ತು. ಹಿಂದಿನ ಸೀಟಿನ ದಪ್ಪ ಮೀಸೆಯ ಹಿರಿಯರೊಬ್ಬರು ಎಲ್ಲವನ್ನೂ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು.

ಕಾರ್ಕಳದಲ್ಲಿ ಬ್ಯಾಗನ್ನು ಡ್ರೈವರಿಗೆ ಒಪ್ಪಿಸಿ, ಮುಖ ತೊಳೆದು, ಪ್ರೊಫೆಸರ್ ಹೆಣ್ಣಿನ ಮನೆ ಹುಡುಕಿಕೊಂಡು ಹೋದರು. ಬಾಗಿಲು ತೆರೆದವಳು ನೋಡಬೇಕಿದ್ದ ಹೆಣ್ಣು, ರೇಚಲ್.

"ಕೂತ್ಕೊಳ್ಳಿ. ಅಪ್ಪ ಈಗಷ್ಟೇ ರಿಕ್ಷಾದಲ್ಲಿ ಬಂದರು."

ಅವಳ ನಗುವಿಗೆ ಪ್ರೊಫೆಸರರಿಗೆ ಸೆಕ್ಷನ್ನುಗಳೆಲ್ಲ ಮರೆತುಹೋದವು. ಪರದೆ ಸರಿಸಿ ಅವಳ ಅಪ್ಪ ಬಂದರು. ಅದೇ ಮೀಸೆ!

"ನಾನು ಮ್ಯಾಥ್ಯೂ. ಆ ಬಸ್ಸು ನನ್ನದೇ."

ಪ್ರೊಫೆಸರ್ ಎದ್ದು ನಿಂತರು.

"ಹೆದರಬೇಡಿ. ಇಷ್ಟು ವರ್ಷದಲ್ಲಿ ಇಂಥವರನ್ನು ನೋಡಿಲ್ಲ. ಕೋಪ ಇಲ್ಲ, ನ್ಯಾಯ ಉಂಟು. ನಾನು ನಿರ್ಧಾರ ಮಾಡಿಯಾಯ್ತು."

ಪ್ರೊಫೆಸರರ ಎದೆ ಇಗರ್ಜಿಯ ಗಂಟೆಯಂತೆ ಹೊಡೆದುಕೊಂಡಿತು.

"ಸೋಮವಾರದಿಂದ ಡ್ಯೂಟಿಗೆ ಬನ್ನಿ. ಬೂಬ ಫೋನ್ ಮಾಡಿದ್ದ, ಮೂರು ಹಲ್ಲು ಕೀಳಬೇಕಂತೆ."

"ಮತ್ತೆ... ರೇಚಲ್ ವಿಷಯ?"

"ನಾನು ವಿಚಾರಿಸಿದ್ದೇನೆ ಮಾರಾಯ್ರೆ. ಪೇಪರು, ದುಬೈ, ಕೋರ್ಟು, ಕಾಲೇಜು. ಇವತ್ತು ಬಸ್ಸು. ಮಗಳಿಗೆ ಒಂದೇ ಕೆಲಸದಲ್ಲಿ ಗಟ್ಟಿ ನಿಲ್ಲುವವರು ಬೇಕು, ಅಲ್ವಾ?"

ಗೇಟು ದಾಟುವಾಗ ಬ್ರೆಂಡಾಬಾಯಿಯ ಫೋನ್ ಬಂತು.

"ಎಂತಾಯ್ತು ಸರ್? ಒಪ್ಪಿದರಾ?"

"ಒಪ್ಪಿದರು," ಎಂದರು ಪ್ರೊಫೆಸರ್. "ಸೋಮವಾರದಿಂದಲೇ ಬರಬೇಕಂತೆ."